ಕೊಂಬೆ ಬಿಡದ ಹಕ್ಕಿ

ಎದುರಂಗಡಿಯ ಷಟರ್ ಅಂದು ಒಂಬತ್ತು ಗಂಟೆಗೆ ಎದ್ದಿತು.

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನ ಹೊರಟುಹೋಗಿದ್ದರು. ತಮ್ಮ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಉಳಿದವರು ಅವಳು ಮತ್ತು ಅತ್ತೆ. ಅವಳು ಬೆಳಕು ಹರಿಯುವ ಮೊದಲೇ ಎದ್ದು ಕಿಟಕಿಯ ಪಕ್ಕ ಕೂತು ಆ ಸದ್ದಿಗೆ ಕಾದಿದ್ದಳು. ಎರಡು ವರ್ಷದಿಂದ ಅದೇ ಅವಳ ಅಲಾರಂ. ಎದುರಂಗಡಿ ಮಾಸ್ಟರ್ ಏಳಕ್ಕೆ ಬಾಗಿಲು ತೆಗೆದರೆ ಮರುದಿನ ಅವಳ ಗಂಡ ಆರೂವರೆಗೆ ತೆಗೆಯುತ್ತಿದ್ದ. ಅವರು ಆರಕ್ಕೆ ಬಂದರೆ ಇವನು ಐದೂಮುಕ್ಕಾಲಿಗೆ. ಬೀದಿಗೆ ಇಬ್ಬರು ಟೈಲರ್‌ಗಳು; ಅಷ್ಟು ಹೊತ್ತಿಗೆ ಪ್ಯಾಂಟ್ ಹೊಲಿಸಲು ಬರುವ ಗಿರಾಕಿ ಮಾತ್ರ ಒಬ್ಬನೂ ಇಲ್ಲ.

"ಒಂಬತ್ತಕ್ಕೆ ಬಂದಿದ್ದಾನೆ," ಎಂದರು ಅತ್ತೆ, ಮಡಚಿದ್ದ ಟವೆಲನ್ನೇ ಮತ್ತೆ ಮಡಚುತ್ತ. "ಜೊತೆಗೆ ಓಡೋರು ಇಲ್ವಲ್ಲ, ಇನ್ನು ನಡ್ಕೊಂಡು ಬಂದ್ರೂ ನಡಿಯುತ್ತೆ."

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋಗಿದ್ದರು: ಪೈಪೋಟಿ ಅಂದಮೇಲೆ ಇಷ್ಟೇ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತೆ, ಪ್ರಕೃತಿ ನಿಯಮ. ಐದು ವರ್ಷ ಯೂನಿವರ್ಸಿಟಿಯಲ್ಲಿ ಪ್ರಕೃತಿಯನ್ನೇ ಓದಿದವಳು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು. ಅವಳಿಗೆ ಅಳು ಬಂದಿರಲಿಲ್ಲ. ಆ ನಿಯಮವನ್ನು ಗಂಡನಿಗೆ ಕಲಿಸಿದವಳು ತಾನೇ ಆಗಿದ್ದಳು.

ಆರು ವರ್ಷದ ಹಿಂದೆ ಅವಳು ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ಹಾಕಿಕೊಳ್ಳಬೇಕಿದ್ದ ಕೋಟಿನ ತೋಳು ಚಿಕ್ಕದು ಮಾಡಿಸಲು ಈ ಅಂಗಡಿಗೆ ಬಂದು, ಪ್ರಬಂಧದ ಕಟ್ಟನ್ನು ಅಲ್ಲೇ ಮರೆತು ಹೋಗಿದ್ದಳು. ನೆನಪಾಗಿ ವಾಪಸ್ ಓಡಿ ಬಂದರೆ, ಟೈಲರ್ ಎದುರು ಅವಳ ಪುಟಗಳು ಹರಡಿವೆ, ಪಕ್ಕದಲ್ಲಿ ಕತ್ತರಿ. ಅಳತೆಯ ಪೇಪರ್ ಮಾಡಲು ಕತ್ತರಿಸುತ್ತಿದ್ದಾನೆಂದು ತಿಳಿದು ಬಾಯಿಗೆ ಬಂದಂತೆ ಬೈದಳು.

ಅವನು ಪೂರ್ತಿ ಬೈಸಿಕೊಂಡ. "ಕತ್ತರಿಸಿಲ್ಲ ಮೇಡಂ, ಓದ್ತಿದ್ದೆ. ಬಟ್ಟೆ ಅಳೆಯೋರು ಓದಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?"

ಅವಳ ಕಿವಿ ಬಿಸಿಯಾಯಿತು. ತೋಳಿನ ಅಳತೆ ಇನ್ನೊಮ್ಮೆ ನೋಡಬೇಕು ಎಂದ. ಬೇಕಿರಲಿಲ್ಲ ಎಂದು ಮದುವೆಯಾದ ಮೇಲೆ ಒಪ್ಪಿಕೊಂಡ. ಮಣಿಕಟ್ಟಿಗೆ ಟೇಪು ಸುತ್ತಿದ. ಟೇಪಿನ ತುದಿಯ ತಗಡು ತಣ್ಣಗಿತ್ತು, ಬೆರಳು ತಣ್ಣಗಿರಲಿಲ್ಲ.

"ಎಷ್ಟು ಬಂತು?" ಎಂದಳು.

"ಇನ್ನೂ ನೋಡಿಲ್ಲ," ಎಂದ, ಅವಳ ಮುಖವನ್ನೇ ನೋಡುತ್ತ. "ಅದಿರಲಿ, ಮೂರು ಜಾತಿ ಹಕ್ಕಿ, ಒಂದೇ ಮರ, ಒಂದೇ ಹುಳ. ಕೊನೆಗೆ ಗೆದ್ದಿದ್ದು ಯಾವುದು?"

ಯಾವುದೂ ಗೆದ್ದಿರಲಿಲ್ಲ. ಒಂದು ತುದಿಕೊಂಬೆಗೆ ಹೋಗಿತ್ತು, ಇನ್ನೊಂದು ನಡುವಿನಲ್ಲಿ ಉಳಿದಿತ್ತು, ಮತ್ತೊಂದು ಕಾಂಡಕ್ಕೆ ಇಳಿದಿತ್ತು. ಕಾಡಿನಲ್ಲಿ ಹಸಿವೂ ಇದೆ, ಸಾವೂ ಇದೆ. ಆದರೆ ದಿನವಿಡೀ ಒಂದೇ ಕೊಂಬೆಗೆ ಕಾದಾಡಿದ ಹಕ್ಕಿಗೆ ಹುಳ ಹಿಡಿಯಲು ಹೊತ್ತೇ ಉಳಿಯುವುದಿಲ್ಲ. ಅವಳ ಪ್ರಬಂಧವೆಲ್ಲ ಅಷ್ಟೇ. ಅದನ್ನು ಹೇಳಲು ಎರಡು ನಿಮಿಷ ಬೇಕಿತ್ತು. ಮಣಿಕಟ್ಟು ಅವನ ಕೈಯಲ್ಲಿರುವಾಗ ಎರಡು ನಿಮಿಷದ ಉತ್ತರ ಅವಳಿಗೆ ತೋಚಲಿಲ್ಲ.

"ಕೊಂಬೆ ಬಿಡದೇ ಇದ್ದದ್ದು," ಎಂದುಬಿಟ್ಟಳು.

"ಸರಿ ಹಾಗಾದ್ರೆ. ನಾನೂ ಬಿಡಲ್ಲ."

ಹೆಣ್ಣು ಕೇಳಲು ಹೋದವನನ್ನು ಅವಳ ಅಪ್ಪ ಎರಡು ಸಲ ಬಾಗಿಲಿಂದಲೇ ಕಳಿಸಿದರೂ ಅವನು ಮೂರನೇ ಸಲ ಬಂದು ಕೂತ. ಮದುವೆಯಾಯಿತು. ಒಮ್ಮೆ ಅವಳು ಅಂದಿನ ಆ ಉತ್ತರವನ್ನು ತಿದ್ದಲು ಹೋದಳು. ಅವನು ಅವಳ ತುಟಿಗೆ ಬೆರಳಿಟ್ಟು, "ಹಕ್ಕಿ ಮೇಡಂ, ಅದು ನನಗೆ ಬಾಯಿಪಾಠ ಆಗಿದೆ, ಬಿಡಿ," ಎಂದ. ಅವಳೂ ಬಿಟ್ಟಳು. ಮನೆಯೇ ಆ ಸುಳ್ಳಿನ ಮೇಲೆ ನಿಂತಿರುವಾಗ ಬುಡ ಕೆದಕುವವರು ಯಾರು? ಎದುರಿಗೆ ಇನ್ನೊಂದು ಅಂಗಡಿ ತೆರೆದ ದಿನವಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅವನ ಹಟ ಅಂದಿಗೂ ಅವಳಿಗೆ ಚೆಂದವೇ ಕಂಡಿತ್ತು.

ಐದು ದಿನದ ಹಿಂದೆ, ಬೆಳಗ್ಗೆ, ಅವನು ಮಿಷನ್ ಮೇಲೆ ತಲೆಯಿಟ್ಟಿದ್ದ. ಹೃದಯ ನಿಂತು ಗಂಟೆಗಳಾಗಿವೆ ಎಂದರು ಡಾಕ್ಟರ್.

"ಎದುರಂಗಡಿಯವನ ಸಾಮಾನು ನಮ್ಮ ಮಿಷನ್‌ನಲ್ಲೇ ಇದೆ," ಎಂದರು ಅತ್ತೆ ಇದ್ದಕ್ಕಿದ್ದಂತೆ. ಸಾಯುವ ಹಿಂದಿನ ಸಂಜೆ, ದಾರದ ಪುಟ್ಟ ಉರುಳೆ ಕೂರುವ ಬಾಬಿನ್ ಕೇಸ್ ಮುರಿದಿತ್ತಂತೆ. ಅದಿಲ್ಲದೆ ಮಿಷನ್ ಒಂದು ಹೊಲಿಗೆಯೂ ಹಾಕುವುದಿಲ್ಲ. ಮಗ ರಸ್ತೆ ದಾಟಿ ಹೋಗಿ ಎದುರಂಗಡಿಯಿಂದಲೇ ಇಸ್ಕೊಂಡು ಬಂದನಂತೆ. "ಕೊಡದೇ ಇದ್ದಿದ್ರೆ ರಾತ್ರಿಯೆಲ್ಲ ಹೊಲೀದೆ ಮಲಗಿರೋನು. ಎಸಿ ಅದನ್ನ, ಚರಂಡಿಗೆ."

ಅವಳು ಕೆಳಗೆ ಹೋದಳು. ಮಿಷನ್ನಿನ ತಗಡು ಸರಿಸಿ, ಹೆಬ್ಬೆರಳ ಗಾತ್ರದ ಆ ಕಬ್ಬಿಣವನ್ನು ಎಳೆದು ತೆಗೆದಳು. ದಾರ ಜೊತೆಗೇ ಬಂತು. ಹಲ್ಲಿನಿಂದ ಕಡಿದು, ರಸ್ತೆ ದಾಟಿದಳು.

ಮಾಸ್ಟರ್ ಎದ್ದು ನಿಂತು ಸ್ಟೂಲ್ ಎಳೆದರು. ಅವಳು ಕೂರಲಿಲ್ಲ. ಅವರೇ ಮಾತು ತೆಗೆದರು. ಹೋದ ವರ್ಷವೇ ತಾನು ಕೇಳಿಕೊಂಡಿದ್ದೆ ಎಂದರು: ಗಂಡಸರ ಬಟ್ಟೆ ನನಗಿರಲಿ, ಹೆಂಗಸರದು ನಿನಗಿರಲಿ, ಇಬ್ಬರೂ ಎಂಟಕ್ಕೆ ಬಾಗಿಲು ತೆಗೆಯೋಣ.

"ನಕ್ಕುಬಿಟ್ಟ ಕಣಮ್ಮ. ನಮ್ಮನೆಯವಳು ಯೂನಿವರ್ಸಿಟಿಲಿ ಬರೆದಿದ್ದಾಳೆ ಮಾಸ್ಟ್ರೇ, ಕೊಂಬೆ ಬಿಟ್ಟ ಹಕ್ಕಿ ಸೋಲುತ್ತೆ ಅಂದ. ಆಮೇಲೆ ನನಗೂ ಹಟ ಹತ್ತಿತು." ಅವರು ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಪ್ರಕೃತೀನೇ ಹಾಗಲ್ವೇನಮ್ಮ? ಓದಿದವಳು ನೀನು, ಹೇಳು."

ಹೌದು ಎಂದರೆ ಸಾಕಿತ್ತು. ಮಾಸ್ಟರ್‌ಗೆ ನಿದ್ದೆ ಬರುತ್ತಿತ್ತು. ಗಂಡ ತಿಳಿದವನಾಗಿಯೇ ಉಳಿಯುತ್ತಿದ್ದ. ಅವಳೂ ತಪ್ಪನ್ನು ಆ ದೊಡ್ಡ ಮೀನು, ಸಣ್ಣ ಮೀನಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು.

"ಇಲ್ಲ ಮಾಸ್ಟ್ರೇ," ಎಂದಳು. "ಮೂರು ಹಕ್ಕೀನೂ ಬದುಕಿದ್ವು. ಬಿಟ್ಟುಕೊಟ್ಟೇ ಬದುಕಿದ್ವು. ನೀವು ಕೇಳಿದ್ದೇ ಸರಿ ಇತ್ತು, ಆಮೇಲೆ ಮಾಡಿದ್ದಲ್ಲ. ನಮ್ಮನೆಯವರು ತಪ್ಪು ತಿಳ್ಕೊಂಡಿರಲಿಲ್ಲ. ನಾನು ತಪ್ಪು ಹೇಳಿದ್ದೆ."

"ಯಾಕಮ್ಮ?"

"ಇಷ್ಟ ಆಗಿದ್ರು. ಅದಕ್ಕೆ."

ಮಾಸ್ಟರ್ ಸ್ಟೂಲಿನ ಮೇಲೆ ತಾವೇ ಕೂತರು. ಅವಳು ಮುಷ್ಟಿ ಬಿಚ್ಚಿದಳು. ಇಟ್ಕೋಮ್ಮ, ಇನ್ನೊಂದಿದೆ ನನ್ನ ಹತ್ತಿರ ಎಂದು ಅವರು ಹೇಳುತ್ತಲೇ ಇದ್ದರು. ಅವಳು ಉಗುರಿನಿಂದ ಕೇಸಿನ ಕೊಂಡಿ ಎತ್ತಿ, ಬಾಬಿನನ್ನು ಅಂಗೈಗೆ ಬೀಳಿಸಿಕೊಂಡಳು. ಅದರಲ್ಲಿ ಅವನು ಸುತ್ತಿದ್ದ ನೀಲಿ ದಾರ ಇನ್ನೂ ಅರ್ಧ ಉಳಿದಿತ್ತು.

"ಇದು ನಮ್ಮದು," ಎಂದಳು. ಖಾಲಿ ಕೇಸನ್ನು ಅವರ ಟೇಬಲ್ ಮೇಲಿಟ್ಟಳು. "ಇದು ನಿಮ್ಮದು."