ಗುಟ್ಟಿನ ಡಬ್ಬದಲ್ಲಿ ಇಬ್ಬರ ಆಟ

ಅವನು ಡಬ್ಬವನ್ನು ಕೌಂಟರಿನ ಮೇಲೆ ಕುಕ್ಕಿದ ರೀತಿ ನೋಡಿಯೇ ಅವಳಿಗೆ ಗೊತ್ತಾಯಿತು, ಇವನು ಕಾಲು ಕೆರೆದು ಜಗಳಕ್ಕೆ ಬಂದವನೆಂದು.

"ಇದನ್ನ ಕಳಿಸಿದ್ದು ಯಾರು?"

"ನಾವೇ," ಎಂದಳು ಅವಳು, ಟೇಪು ಕತ್ತರಿಸುವುದನ್ನು ನಿಲ್ಲಿಸದೆ.

"ಒಳಗೆ ಏನಿದೆ ಗೊತ್ತಾ? ಕನಿಷ್ಠ ಆರು ಜನ ಆಡಬೇಕಾದ ಆಟ. ನನ್ನ ಮನೇಲಿರೋದು ನಾನೊಬ್ಬ. ಇನ್ನೈದು ಜನಾನ ಎಲ್ಲಿಂದ ತರಲಿ? ಗೋಡೆಗಳನ್ನ ಕೂರಿಸಿಕೊಂಡು ಆಡಲಾ?"

"ಗೋಡೆ ನಾಲ್ಕೇ ಇರೋದು ಸರ್. ಆಗಲೂ ಒಬ್ಬರು ಕಮ್ಮಿ ಬೀಳ್ತಾರೆ."

ಅವನು ಸಿಟ್ಟನ್ನು ಬಿಗಿಹಿಡಿಯಲು ನೋಡಿದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಅದರ ಮೇಲಿನಿಂದ ಅವಳನ್ನು ದುರುಗುಟ್ಟಿದ. ಆದರೆ ತುಟಿಯ ಒಂದು ಮೂಲೆ ಮಾಲೀಕನ ಮಾತು ಕೇಳದೆ ಮೇಲಕ್ಕೆದ್ದಿತು. ಅವಳು ಅದನ್ನು ನೋಡಿಬಿಟ್ಟಳು. ಅಲ್ಲಿಗೆ ಅವಳ ಕಥೆ ಮುಗಿಯಿತು ಎಂದೇ ಹೇಳಬಹುದು. ಉಳಿದದ್ದೆಲ್ಲ ಅದರ ವಿವರ.

ಅಂಗಡಿ ಅವಳ ಚಿಕ್ಕಪ್ಪನದು. ಬೋರ್ಡ್ ಗೇಮು, ಕಾರ್ಡಿನ ಆಟ, ದಾಳದ ಆಟ, ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಕೊಳ್ಳುವವರು ಮಾತ್ರ ಸಿಗುತ್ತಿರಲಿಲ್ಲ. ಆಗ ಚಿಕ್ಕಪ್ಪನಿಗೆ ಹೊಳೆದದ್ದು ಈ 'ಗುಟ್ಟಿನ ಡಬ್ಬ'. ಚಂದಾ ಕಟ್ಟಿದವರ ಮನೆಗೆ ತಿಂಗಳಿಗೊಂದು ಡಬ್ಬ ಹೋಗುತ್ತದೆ. ಒಳಗೆ ಯಾವ ಆಟವಿದೆ ಎಂದು ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಬಿಚ್ಚಿದ ಮೇಲೆ ವಾಪಸ್ ಇಲ್ಲ. ಬಾಗಿಲ ಮೇಲೆ ಅವರೇ ಬರೆಸಿದ ಬೋರ್ಡು ತೂಗುತ್ತಿತ್ತು: 'ನಮ್ಮ ಕೈ ಕುರುಡು, ನಿಮ್ಮ ಅದೃಷ್ಟ ಚುರುಕು.'

ಕೈ ಕುರುಡು ಎನ್ನುವುದು ಬರೀ ಬಾಯಿಮಾತಲ್ಲ. ಎಲ್ಲ ಆಟಗಳನ್ನೂ ಒಂದೇ ಅಳತೆಯ ಡಬ್ಬಗಳಿಗೆ ತುಂಬಿ, ಕಂದು ಕಾಗದ ಸುತ್ತಿ, ಮೇಜಿನ ಮೇಲೆ ಅದಲು ಬದಲು ಮಾಡಿದ ನಂತರವೇ ವಿಳಾಸದ ಚೀಟಿ ಅಂಟಿಸಬೇಕು. ಯಾರಿಗೆ ಯಾವುದು ಹೋಯಿತೆಂದು ಕಟ್ಟಿದವಳಿಗೂ ತಿಳಿಯಕೂಡದು. ಬೇರೆ ವಿಷಯದಲ್ಲಿ ಚಿಕ್ಕಪ್ಪ ಹೇಗಾದರೂ ಇರಲಿ, ಇದರಲ್ಲಿ ಮಾತ್ರ ಬಲು ಕಟ್ಟುನಿಟ್ಟು.

"ಚಂದಾ ನಿಲ್ಲಿಸ್ತೀನಿ," ಎಂದ ಅವನು.

"ಆಯ್ತು, ನಿಲ್ಲಿಸಿ."

ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ. "ನೀವು ತಡೀಬೇಕಲ್ವಾ? ಲಾಭ ನಷ್ಟ ಏನಾದ್ರೂ ಹೇಳಬೇಕಲ್ವಾ?"

"ನಷ್ಟ ಮೊದಲು ಕೇಳಿ. ಇದರಲ್ಲಿ ಅರ್ಧ, ಕಪಾಟಲ್ಲಿ ಧೂಳು ತಿಂತಾ ಕೂತಿದ್ದ ಮಾಲು. ಒಂದೊಂದು ಸಲ ನಿಮ್ಮ ಹತ್ರ ಇರೋದೇ ಮತ್ತೆ ಬರುತ್ತೆ. ಒಂದೊಂದು ಸಲ ಹೀಗೆ ಗುಂಪಿನ ಆಟ ಬಂದು ಒಂಟಿ ಮನುಷ್ಯನ ಹೊಟ್ಟೆ ಉರಿಸುತ್ತೆ."

ಒಳಗಿನ ಕೋಣೆಯಿಂದ ಚಿಕ್ಕಪ್ಪ ಜೋರಾಗಿ ಕೆಮ್ಮಿದರು.

"ಮತ್ತೆ ಲಾಭ?" ಅವನು ಈಗ ಕೌಂಟರಿಗೆ ಮೊಣಕೈ ಊರಿದ್ದ.

"ನೀವಾಗಿ ಆರಿಸಿದ್ರೆ ಗೊತ್ತಿರೋದನ್ನೇ ಆರಿಸ್ತೀರಿ. ನಿಮಗೆ ಇಷ್ಟ ಆಗುತ್ತೆ ಅಂತ ನಿಮಗೇ ಗೊತ್ತಿಲ್ಲದ ಆಟ ಒಂದು ಎಲ್ಲೋ ಇರುತ್ತೆ. ಅದು ನಿಮ್ಮನೆ ಬಾಗಿಲಿಗೆ ಬರೋಕೆ ಬೇರೆ ದಾರಿ ಇಲ್ಲ."

ಅವನು ಡಬ್ಬವನ್ನು ತನ್ನತ್ತ ಎಳೆದುಕೊಂಡ. ಆಮೇಲೆ, ಯಾರೂ ಕೇಳದೆಯೇ, ತನ್ನ ಕೆಲಸದ ಸುದ್ದಿ ಹೇಳಿದ. ಬೀದಿ ತುದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು ಅವನು. "ಬೆಳಗಿಂದ ಸಂಜೆ ತನಕ ಜನರ ಕಣ್ಣಿಗೆ ಒಂದು ಗಾಜು ಇಡ್ತೀನಿ, ಇನ್ನೊಂದು ಇಡ್ತೀನಿ. ಇದು ಚೆನ್ನಾಗಿ ಕಾಣುತ್ತಾ, ಅದಾ? ಇದಾ, ಅದಾ? ಮನೆಗೆ ಬಂದ ಮೇಲೆ ಏನನ್ನೂ ಆರಿಸೋದೇ ಬೇಡ ಅನ್ಸುತ್ತೆ. ಅದಕ್ಕೇ ನಿಮ್ಮ ಡಬ್ಬಕ್ಕೆ ಸೇರಿದ್ದು."

"ಹಾಗಾದ್ರೆ ಈಗ ಹೇಳಿ. ನಿಲ್ಲಿಸೋದಾ, ಮುಂದುವರಿಸೋದಾ? ಇದಾ, ಅದಾ?"

ಅವನು ನಕ್ಕುಬಿಟ್ಟ. ಮುಂದುವರಿಸಿದ. ಅಂದಿನಿಂದ ಅವಳ ಮನಸ್ಸಿನಲ್ಲಿ ಅವನ ಹೆಸರು 'ಇದಾ-ಅದಾ' ಎಂದೇ ಆಯಿತು.

ಮುಂದಿನ ತಿಂಗಳು ಡಬ್ಬಗಳನ್ನು ಕಟ್ಟುವಾಗ ಅವಳು ಒಂದು ಕೆಲಸ ಮಾಡಿದಳು. ಇಬ್ಬರೇ ಆಡುವ ಆಟವೊಂದನ್ನು ಆರಿಸಿ, ಅದಲು ಬದಲಿನ ರಾಶಿಗೆ ಸೇರಿಸದೆ, ಅವನ ವಿಳಾಸದ ಚೀಟಿಯನ್ನು ಎಲ್ಲಕ್ಕಿಂತ ಮೊದಲೇ ಅದಕ್ಕೆ ಅಂಟಿಸಿದಳು. ಪಾಪ, ಇದೇನು ದೊಡ್ಡ ಕಳ್ಳತನವೇ? ಒಬ್ಬಂಟಿಗೆ ಇಬ್ಬರ ಆಟ ಕಳಿಸಿದರೆ ಇನ್ನೊಬ್ಬರನ್ನು ಹುಡುಕಲೇಬೇಕಲ್ಲ, ಹುಡುಕಲು ಅವನು ಎಲ್ಲಿಗೆ ತಾನೇ ಹೋದಾನು ಎಂಬುದು ಅವಳ ಲೆಕ್ಕ.

ಲೆಕ್ಕ ತಪ್ಪಲಿಲ್ಲ. ಶನಿವಾರ ಮಧ್ಯಾಹ್ನ ಅವನು ಡಬ್ಬವನ್ನು ಬಿಚ್ಚದೆಯೇ ಹಿಡಿದು ತಂದ.

"ಒಬ್ಬನೇ ಬಿಚ್ಚೋಕೆ ಒಂಥರಾ ಬೇಜಾರು. ನೀವೂ ಇರಿ."

ಕಿಟಕಿಯ ಪಕ್ಕದಲ್ಲಿ ಗಿರಾಕಿಗಳಿಗೆ ಆಟ ತೋರಿಸಲೆಂದು ಇಟ್ಟ ಪುಟ್ಟ ಮೇಜಿತ್ತು. ಅಲ್ಲಿ ಕೂತು ಅವನು ಕಾಗದ ಹರಿದ. ಅವಳು ಕಣ್ಣರಳಿಸಿದಳು, ಬಾಯಿ ಮೇಲೆ ಕೈಯಿಟ್ಟಳು, "ಅಯ್ಯೋ, ಇಬ್ಬರ ಆಟ!" ಎಂದಳು. ಅವಳು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾಟಕ ಆಡಿದ್ದಿಲ್ಲ. ಅಷ್ಟು ಚೆನ್ನಾಗಿ ಆಡಬಾರದಿತ್ತು.

ಮಾತಾಡದೆ ಆಡಬೇಕಾದ ಕಾರ್ಡಿನ ಆಟ ಅದು. ಎದುರಿನವರ ಕೈಯಲ್ಲಿ ಏನಿದೆ ಎಂದು ಮುಖ ನೋಡಿಯೇ ಊಹಿಸಿ, ಇಬ್ಬರೂ ಸೇರಿ ಗೆಲ್ಲಬೇಕು, ಇಲ್ಲವೇ ಇಬ್ಬರೂ ಸೋಲಬೇಕು. ಅವನು ದೊಡ್ಡ ಕಾರ್ಡು ಹಿಡಿದಾಗ ಕನ್ನಡಕದ ಕಡ್ಡಿ ಮುಟ್ಟಿಕೊಳ್ಳುತ್ತಿದ್ದ. ಸಣ್ಣದಾದರೆ ಕೆಳತುಟಿ ಕಚ್ಚುತ್ತಿದ್ದ. ಏನೂ ತೋಚದಿದ್ದರೆ ಕಾರ್ಡುಗಳ ಮೇಲಿನಿಂದ ಅವಳನ್ನೇ ನೋಡುತ್ತಿದ್ದ, ಅವಳ ಕಣ್ಣಿನಿಂದ ಗಲ್ಲಕ್ಕೆ, ಗಲ್ಲದಿಂದ ಮತ್ತೆ ಕಣ್ಣಿಗೆ, ಉತ್ತರ ಅಲ್ಲೇ ಎಲ್ಲೋ ಬರೆದಿದೆ ಎನ್ನುವಂತೆ. ಕಿಟಕಿಯ ಬಿಸಿಲು ಅವನ ಗಾಜಿಗೆ ತಾಗಿ ಅವಳ ಕೈಮೇಲೆ ಒಂದು ಸಣ್ಣ ಬೆಳಕು ಕುಣಿಯುತ್ತಿತ್ತು.

"ನಿಮ್ಮ ಮುಖ ನೋಡಿ ಏನೂ ಗೊತ್ತಾಗಲ್ಲ ರೀ," ಎಂದ ಅವನು ಸೋತ ಮೇಲೆ. "ಎಷ್ಟು ಗಟ್ಟಿ ನೀವು!"

"ಕಣ್ಣು ಪರೀಕ್ಷೆ ಮಾಡೋರು ನೀವು. ನಿಮಗೇ ಕಾಣದಿದ್ರೆ ನಾನೇನು ಮಾಡಲಿ?"

ಹೀಗೆ ತಿಂಗಳುಗಳು ಉರುಳಿದವು. ಡಬ್ಬ ತಿಂಗಳಿಗೊಮ್ಮೆ ಬಂದರೂ ಅವನು ಶನಿವಾರ ತಪ್ಪಿಸುತ್ತಿರಲಿಲ್ಲ. ಪ್ರತಿ ಸಲವೂ ಇಬ್ಬರ ಆಟ, ಪ್ರತಿ ಸಲವೂ ಅವಳ ಹುಸಿ ಬೆರಗು. "ಮತ್ತೆ ಇಬ್ಬರದ್ದೇ! ನಿಮ್ಮ ಅದೃಷ್ಟ ಏನೋ ಹೇಳ್ತಿದೆ ನೋಡಿ," ಎಂದು ಅವಳೇ ಒಮ್ಮೆ ಹೇಳಿದಳು. ಹೇಳಿ ತಲೆ ತಗ್ಗಿಸಿ ಕಾರ್ಡು ಕಲೆಸಿದಳು. ಅವನು "ಹೌದಲ್ಲ!" ಎಂದು ಬಹಳ ಹೊತ್ತು ಕಿಟಕಿಯಾಚೆ ನೋಡಿದ.

"ಪುಟ್ಟೀ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆಲ್ಲ ಗೊತ್ತಾಗಲ್ವಾ?" ಎಂದರು ಚಿಕ್ಕಪ್ಪ ಒಂದು ದಿನ, ಮೊದಲೇ ಚೀಟಿ ಅಂಟಿದ್ದ ಡಬ್ಬ ಕಂಡು. ಬೈಯಲಿಲ್ಲ. ಮನೆಯಲ್ಲಿ ಅವಳ ಮದುವೆಯ ಮಾತೆತ್ತುವುದನ್ನೇ ಎಲ್ಲರೂ ಬಿಟ್ಟು ವರ್ಷಗಳಾಗಿದ್ದವು. "ಬಾಯಿ ಬಿಟ್ಟು ಹೇಳಬಾರದಾ?"

"ನಾನು ಹೇಳಿದ್ರೆ ಬೇಡ ಅನ್ನಬಹುದು ಚಿಕ್ಕಪ್ಪ. ಡಬ್ಬಕ್ಕೆ ಯಾರೂ ಬೇಡ ಅನ್ನಲ್ಲ."

ಅದೇ ಅವಳ ತಪ್ಪು. ಪ್ರೀತಿಯನ್ನು ಅಷ್ಟು ಜೋಪಾನವಾಗಿ ಸುತ್ತಿ ಕಳಿಸಿದ್ದಳು, ಕಳಿಸಿದವರ ಹೆಸರೇ ಇರಲಿಲ್ಲ ಅದರ ಮೇಲೆ.

ಒಂದು ಶನಿವಾರ ಅವನು ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ, ವಾರದ ನಡುವೆ, ಓಡೋಡಿ ಬಂದ. ಡಬ್ಬ ಇರಲಿಲ್ಲ ಕೈಯಲ್ಲಿ. ಹೊಸ ಅಂಗಿ ತೊಟ್ಟಿದ್ದ.

"ನಿಮಗೇ ಮೊದಲು ಹೇಳಬೇಕು ಅನ್ನಿಸ್ತು," ಎಂದ ಏದುಸಿರು ಬಿಡುತ್ತ.

ಅವಳು ಟೇಪು ಕೆಳಗಿಟ್ಟಳು. ಇಷ್ಟು ದಿನ ಕಾದದ್ದು ಬಂದೇಬಿಟ್ಟಿತು ಎಂದು ಅವಳ ಮೈಯೆಲ್ಲ ಹೇಳಿತು.

"ನೀವೇ ಹೇಳಿದ್ರಲ್ಲ, ಅದೃಷ್ಟ ಏನೋ ಹೇಳ್ತಿದೆ ಅಂತ. ನಾನು ಅದನ್ನೇ ಯೋಚಿಸ್ತಾ ಇದ್ದೆ. ಪ್ರತಿ ಸಲ ಇಬ್ಬರ ಆಟ. ಯಾರೂ ಆರಿಸಿದ್ದಲ್ಲ, ತಾನಾಗಿ ಬಂದದ್ದು. ಮನುಷ್ಯನಿಗೆ ಇನ್ನು ಯಾವ ಸೂಚನೆ ಬೇಕು?"

"ಕೊನೆಗೂ ಅರ್ಥ ಆಯ್ತಾ ಸಾಹೇಬರಿಗೆ?" ಅವಳು ನಕ್ಕೇಬಿಟ್ಟಳು.

"ಆಯ್ತು. ಅದಕ್ಕೇ ಹೋದ ಭಾನುವಾರ ಅವಳ ಮನೆಗೆ ಹೋದೆ."

ನಗು ಮುಖದ ಮೇಲೆ ಹಾಗೇ ಉಳಿಯಿತು. ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಯಾರ ಮನೆಗೆ?"

ಅವನು ಹೇಳುತ್ತಾ ಹೋದ. ಜೊತೆಯಲ್ಲಿ ಓದಿದವಳಂತೆ. ಮದುವೆಯಾಗೋಣ ಎಂದು ಅವಳು ಕೇಳಿದಾಗ ಇವನು ಇಂದು ನಾಳೆ ಎಂದು ದಿನ ತಳ್ಳಿದನಂತೆ. 'ನೀನಾಗಿ ಒಂದು ತೀರ್ಮಾನ ತಗೊಂಡ ದಿನ ಬಾ' ಎಂದು ಅವಳು ಬಾಗಿಲು ಹಾಕಿಕೊಂಡಿದ್ದಳಂತೆ. ಈಗ ಹೋಗಿ ಕದ ತಟ್ಟಿದ್ದ. ಅವಳು ಅತ್ತಳಂತೆ. ಒಪ್ಪಿದಳಂತೆ.

"ಡಬ್ಬದ ಕಥೆ ಹೇಳ್ದೆ ಅವಳಿಗೆ. ಅಷ್ಟು ಖುಷಿಪಟ್ಟಳು! ನಿಮ್ಮನ್ನ ನೋಡಬೇಕಂತೆ. ಇನ್ನು ಮೇಲೆ ಡಬ್ಬಾನ ಆ ಮನೆ ವಿಳಾಸಕ್ಕೆ..."

"ಅದು ತಾನಾಗಿ ಬಂದದ್ದಲ್ಲ."

ಮಾತು ಬಾಯಿಂದ ಬಿದ್ದಾಗಿತ್ತು. ಬಿದ್ದ ಮಾತನ್ನು ಎತ್ತಿಟ್ಟುಕೊಳ್ಳಲು ಬರುವುದಿಲ್ಲ.

"ಅಂದ್ರೆ?"

"ನಾನೇ ಆರಿಸ್ತಿದ್ದೆ. ಪ್ರತಿ ಸಲ. ಎಲ್ಲರ ಡಬ್ಬಾನೂ ಕಲೆಸಿ ಇಡ್ತಿದ್ದೆ, ನಿಮ್ಮದೊಂದನ್ನ ಬಿಟ್ಟು." ಅವಳು ಕೌಂಟರಿನ ಅಂಚನ್ನು ಹಿಡಿದುಕೊಂಡಳು. "ಇಬ್ಬರು ಅಂದ್ರೆ ನೀವು, ನಾನು. ಬೇರೆ ಯಾರೂ ನನ್ನ ತಲೇಲಿ ಇರಲಿಲ್ಲ. ನಿಮ್ಮನ್ನ ಕಂಡ ದಿನದಿಂದ ನಿಮ್ಮನ್ನೇ ಇಷ್ಟಪಟ್ಟೆ. ಹೇಳೋಕೆ ಧೈರ್ಯ ಇರಲಿಲ್ಲ, ಅಷ್ಟೇ."

ಹೊರಗೆ ಒಂದು ಲಾರಿ ಹಾದು ಹೋಯಿತು. ಕಪಾಟಿನ ಡಬ್ಬಗಳು ಸಣ್ಣಗೆ ಅದುರಿ ಸುಮ್ಮನಾದವು. ಅವನು ಕನ್ನಡಕ ತೆಗೆದ. ಕನ್ನಡಕವಿಲ್ಲದ ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಎಷ್ಟು ಎಳೆಯ ಮುಖ ಅದು.

"ನನಗೂ ಅನ್ನಿಸ್ತಿತ್ತು," ಎಂದ ಅವನು. "ಶನಿವಾರ ಬಂದ್ರೆ ಬೆಳಗ್ಗೇನೇ ಗಡಿಯಾರ ನೋಡೋಕೆ ಶುರು ಮಾಡ್ತಿದ್ದೆ. ಆದ್ರೆ ಎಲ್ಲ ಗಿರಾಕಿಗೂ ಹೀಗೇ ಆಟ ಕಲಿಸ್ತಾರೆ, ಇದು ಅವರ ಕೆಲಸ, ನಾನು ಸುಮ್ಮನೆ ಆಸೆಪಡ್ತಿದ್ದೀನಿ ಅಂದ್ಕೊಂಡೆ. ನಿಮ್ಮ ಮುಖದಲ್ಲಿ ಏನೂ ಕಾಣ್ತಿರಲಿಲ್ಲ. ಒಂದೇ ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ?"

ಅವನು ಮುಗಿಸಲಿಲ್ಲ. ಮುಗಿಸುವುದೂ ಬೇಕಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಇವಳಂತೂ ಅದು ಕೈಯಲ್ಲಿರುವುದನ್ನೇ ಅರಿಯದೆ ಚೆಲ್ಲಿದ್ದಳು. ಅವನು ಬೇಡ ಎಂದಿದ್ದರೆ ಒಂದೇ ದಿನ ಅತ್ತು ಮುಗಿಸಬಹುದಿತ್ತು.

"ಈಗ ನಾನೇನು ಮಾಡಲಿ?" ಅವನು ಕೌಂಟರಿನ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು. "ನೀವೇ ಹೇಳಿ. ಇರಲಾ, ಹೋಗಲಾ? ನೀವು ಹೇಗೆ ಹೇಳಿದ್ರೆ ಹಾಗೆ."

ಇರಿ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಎರಡೇ ಅಕ್ಷರ. ಹೇಳಿದ್ದರೆ ಅವನು ನಿಜಕ್ಕೂ ಇದ್ದುಬಿಡುತ್ತಿದ್ದ, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಇದ್ದು, ನಾಳೆ ಇನ್ನೊಬ್ಬರು ಹೋಗು ಎಂದರೆ ಹೋಗುತ್ತಿದ್ದ. ಇನ್ನೊಂದು ಬೀದಿಯಲ್ಲಿ, ಹೆಸರು ಗೊತ್ತಿಲ್ಲದ ಒಬ್ಬ ಹೆಣ್ಣು, ಎಷ್ಟೋ ಕಾಲ ಹಾಕಿಟ್ಟಿದ್ದ ಬಾಗಿಲನ್ನು ಭಾನುವಾರವಷ್ಟೇ ತೆರೆದಿದ್ದಳು. ಆ ಹೆಣ್ಣಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಹತ್ತಿ ಉರಿಯಿತು. ಆದರೂ, ಆಕೆ ತೆರೆದ ಬಾಗಿಲನ್ನು ಮತ್ತೆ ಹಾಕಿಸುವ ಕೈ ತನ್ನದಾಗುವುದು ಬೇಡ ಎನ್ನಿಸಿತು.

"ಹೋಗಿ," ಎಂದಳು.

ಅವನಿಗಾಗಿ ಅವಳು ಆರಿಸಿದ್ದರಲ್ಲಿ ಅದೇ ಕೊನೆಯದು.

"ಅವರಿಗೆ ಇದನ್ನ ಹೇಳಬೇಡಿ," ಎಂದಳು ಮತ್ತೆ. "ಅವರ ಪಾಲಿಗೆ ಅದು ಅದೃಷ್ಟವೇ ಆಗಿರಲಿ. ನೀವು ಕದ ತಟ್ಟಿದ್ದಂತೂ ನಿಜ ತಾನೇ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಲೆಯಲ್ಲಾಡಿಸಿದಳು. ಕನ್ನಡಕ ಹಾಕಿಕೊಂಡು, ಅವಳನ್ನು ಒಮ್ಮೆ ನೋಡಿ, ಅವನು ಮೆಟ್ಟಿಲಿಳಿದ. ಬೀದಿಯ ತಿರುವಿನ ತನಕ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಓಡಿಬಿಡುತ್ತಿದ್ದಳೇನೋ.

ಚಿಕ್ಕಪ್ಪ ಒಳಗಿನಿಂದ ಬಂದರು. "ಚಂದಾ ಮುಂದುವರಿಸಿದ್ನಾ?"

"ಇಲ್ಲ ಚಿಕ್ಕಪ್ಪ."

ಅವರು ಅವಳ ಮುಖ ನೋಡಿದರು. ಯಾವ ಹೊತ್ತಿಗೂ ಗಾದೆಗೆ ಬರವಿಲ್ಲದ ಬಾಯಿ ಅದು. ಅಂದು ಒಂದೂ ಬರಲಿಲ್ಲ. ಅವರು ಸುಮ್ಮನೆ ಬಾಗಿಲಿಗೆ ಹೋಗಿ, ಹಾಡುಹಗಲಲ್ಲಿ, ಗಿರಾಕಿಗಳು ಬರುವ ಹೊತ್ತಿನಲ್ಲಿ, ಅಂಗಡಿಯ ಶಟರನ್ನು ಅರ್ಧಕ್ಕೆಳೆದು, ಅವಳಿಗೆ ಬೆನ್ನು ಮಾಡಿ ಹೊರಗೆ ನಿಂತರು.