ಒಂಬತ್ತು ಜೊಂಡಿನ ಶಿಲುಬೆಗಳು

ಫಿಂಟನ್ ಕಾನ್ಸಿಡೈನ್‌ನ ಹೋಟೆಲನ್ನು ವಶಕ್ಕೆ ತೆಗೆದುಕೊಳ್ಳಲು ಸಾಲ ಕೊಟ್ಟ ಬ್ಯಾಂಕು ಆಳು ಕಳಿಸುವುದರಲ್ಲಿತ್ತು. ಕ್ಲೇರ್ ಸೀಮೆಯ ಕಡಲಿಗೆ ಮುಖ ಮಾಡಿ ಅಜ್ಜ ಕಟ್ಟಿಸಿದ ಹೋಟೆಲು ಅದು. ಕಂತು ತಪ್ಪಿದ್ದು ನಿಜ. ಆದರೆ ಇಲ್ಲಿ ಒಂದು ದಿನವೂ ಚಹಾ ಕುಡಿಯದ ಡಬ್ಲಿನ್ನಿನ ಮಂದಿ ಅದನ್ನು ಕಿತ್ತುಕೊಳ್ಳುವುದೆಂದರೆ ಅವನ ಹೊಟ್ಟೆ ಉರಿಯುತ್ತಿತ್ತು.

“ಕೋರ್ಟು ತಡೆಯಾಜ್ಞೆ ಕೊಡಲ್ಲ, ಫಿಂಟನ್,” ಎಂದಳು ವಕೀಲೆ ಡರ್ವ್ಲಾ. “ಇದು ವ್ಯಾಪಾರದ ಸಾಲ. ಮುಂದೆ ನೀವು ಕೇಸು ಗೆದ್ರೂ ನಷ್ಟಾನ ದುಡ್ಡಲ್ಲಿ ತುಂಬಿಕೊಡಬಹುದು ಅಂತಾರೆ, ಮುಗೀತು. ಅಲ್ಲೇ ವಾಸ ಇದ್ದಿದ್ರೆ ಮಾತು ಬೇರೆ. ಮನೆಗೆ ಬೆಲೆ ಕಟ್ಟೋಕಾಗಲ್ವಲ್ಲ.”

ಫಿಂಟನ್ ಸಿಳ್ಳೆ ಹಾಕುತ್ತಾ ಹಿಂದಿರುಗಿದ. ಅವನೂ ತಾಯಿ ನೋನಿಯೂ ಇದ್ದದ್ದು ಗುಡ್ಡದ ಮೇಲಿನ ಪುಟ್ಟ ಮನೆಯಲ್ಲಿ. ಇರಲಿ, ಹೋಟೆಲನ್ನೇ ಮನೆ ಮಾಡಿದರಾಯಿತು. ಅದೂ ನಿನ್ನೆ ಮೊನ್ನೆಯದಲ್ಲ, ಒಂಬತ್ತು ವರ್ಷದಿಂದ ವಾಸವಿರುವ ಮನೆ ಎಂದು ತೋರಿಸಿದರಾಯಿತು. ಮೇಲಿನ ಮಹಡಿಗೆ ಅಮ್ಮನ ಮಂಚ ಬಂತು, ಅಪ್ಪನ ಪಟ ಬಂತು, ಯೇಸುವಿನ ಪಟದ ಕೆಂಪು ದೀಪ ಬಂತು. ಬಾಯಿ ಮುಕ್ಕಾದ ಎರಡು ಕಪ್ಪುಗಳನ್ನೂ ಮರೆಯಲಿಲ್ಲ. ನಂಬಿಕೆ ಹುಟ್ಟುವುದು ಸಣ್ಣಪುಟ್ಟದ್ದರಿಂದಲೇ ಎಂಬುದು ಹೋಟೆಲು ನಡೆಸಿದವನಿಗೆ ಗೊತ್ತಿರದೆ ಇರುತ್ತದೆಯೇ?

ಅಂದು ಸಂತ ಬ್ರಿಜಿಡ್ ಹಬ್ಬದ ಹಿಂದಿನ ದಿನ. ಆ ಸಂಜೆ ಹಸಿ ಜೊಂಡಿನಿಂದ ಒಂದು ಶಿಲುಬೆ ನೇಯ್ದು, ಹೋದ ವರ್ಷದ್ದರ ಪಕ್ಕದಲ್ಲಿ ಬಾಗಿಲ ಮೇಲೆ ಸಿಕ್ಕಿಸುವುದು ಆ ಕಡೆಯ ಮನೆಗಳ ಪದ್ಧತಿ; ಇವರು ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂಬತ್ತು ವರ್ಷಕ್ಕೆ ಒಂಬತ್ತು ಶಿಲುಬೆ! ತನ್ನ ಬುದ್ಧಿಗೆ ತಾನೇ ಮೆಚ್ಚಿ, ಫಿಂಟನ್ ಅಮ್ಮನ ಮುಂದೆ ಜೊಂಡಿನ ಹೊರೆ ಸುರಿದ.

“ಲೋ, ವರ್ಷಕ್ಕೆ ಒಂದು ಕಣೋ,” ಎಂದಳು ನೋನಿ. “ಬ್ರಿಜಿಡ್ ತಾಯಿ ಲೆಕ್ಕ ಕೇಳಲ್ವಾ?”

“ಹಳೇ ಬಾಕಿ ತೀರಿಸ್ತಿದೀನಿ ಅಂದ್ಕೋ ಅಮ್ಮ.”

ಹಸಿರಾಗಿದ್ದರೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಅವನ್ನು ಹೋಟೆಲಿನ ಓವನ್ನಿನಲ್ಲಿ ಸಣ್ಣ ಉರಿಗೆ ಇಟ್ಟ. ಟವಲುಗಳ ಸಾಲಿನಲ್ಲಿ ಒಂದರ ಬಣ್ಣ ತುಸು ಬೇರೆಯಾದರೂ ಸಹಿಸದ ಮನುಷ್ಯ. ಒಂಬತ್ತೂ ಒಣಹುಲ್ಲಿನ ಕಂದು ಬಣ್ಣಕ್ಕೆ ತಿರುಗುವ ತನಕ ಬಿಡಲಿಲ್ಲ. ಮರುದಿನ ಫೋಟೋ ತೆಗೆಸಿ, ಕೋರ್ಟಿಗೆ ಕೊಡುವ ಪ್ರಮಾಣಪತ್ರಕ್ಕೆ ಸಹಿ ಹಾಕಿದ: ಒಂಬತ್ತು ವರ್ಷದಿಂದ ಇಲ್ಲೇ ನಮ್ಮ ವಾಸ, ಪ್ರತಿ ವರ್ಷವೂ ಇಲ್ಲೇ ಶಿಲುಬೆ ನೇಯುತ್ತೇವೆ, ನಿನ್ನೆ ಸಂಜೆಯೂ ನೇಯ್ದೆವು.

ಕೋರ್ಟಿನಲ್ಲಿ ಬ್ಯಾಂಕಿನ ವಕೀಲ ಉದ್ದಕ್ಕೂ ಕೊರೆದ. ಫಿಂಟನ್ ಮಾತ್ರ ಹಾಯಾಗಿ ಕೂತಿದ್ದ. ನ್ಯಾಯಾಧೀಶೆ ಮೇಯೋ ಕಡೆಯ ರೈತರ ಮಗಳಂತೆ. ಫೋಟೋ ನೋಡಿ ಆಕೆಯ ಮುಖ ಅರಳಿತು. “ನಮ್ಮಮ್ಮನೂ ಹೀಗೇ ಸಾಲಾಗಿ ಸಿಕ್ಕಿಸೋರು,” ಎಂದಳು. ಗೆದ್ದೆ ಎಂದುಕೊಂಡ ಫಿಂಟನ್, ಕಡಲು ಕಾಣುವ ಕೋಣೆಯೊಂದನ್ನು ಮನಸ್ಸಿನಲ್ಲೇ ಆಕೆಗೆ ಬಿಟ್ಟಿಯಾಗಿ ಕೊಟ್ಟೂಬಿಟ್ಟ.

ಆಕೆ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ತಂದಳು. “ಒಂದೇ ಒಂದು ಅನುಮಾನ, ಕಾನ್ಸಿಡೈನ್ ಅವರೇ. ಒಂಬತ್ತೂ ಒಣಗಿ ಕಂದಾಗಿವೆ. ಫೋಟೋ ತೆಗೆಯೋ ಹಿಂದಿನ ಸಂಜೆ ನೇಯ್ದಿದ್ದು ಇನ್ನೂ ಹಸಿರಾಗಿರ್ಬೇಕಿತ್ತಲ್ಲ, ಅದು ಯಾವುದು?” ಫಿಂಟನ್ ತಿರುಗಿ ಅಮ್ಮನ ಕಡೆ ನೋಡಿದ. ತಡೆಯಾಜ್ಞೆ ಇಲ್ಲವೆಂದು ಬರೆಸಿದ ಆಕೆ, ಪ್ರಮಾಣಪತ್ರವನ್ನು ಪೊಲೀಸರಿಗೆ ಕಳಿಸಲು ಹೇಳಿದಳು. ಹಿಂದಿನ ಬೆಂಚಿನಿಂದ ನೋನಿಯ ದನಿ ಇಡೀ ಕೋರ್ಟಿಗೇ ಕೇಳಿಸಿತು: “ಹೇಳಿರ್ಲಿಲ್ವೇನೋ, ಲೆಕ್ಕ ಕೇಳ್ತಾಳೆ ಅಂತ?”