ಜಯಲಕ್ಷ್ಮೀ ಮಾಮಿ ಮುಡಿಸಿದ ಹೂವು

ಚೆನ್ನೈ ನನಗೆ ಒಂಚೂರೂ ಹಿಡಿಸಲಿಲ್ಲ. ಸುಘೋಷ ಹಿಡಿಸಿಬಿಟ್ಟ. ಗ್ರಹಚಾರ ಶುರುವಾಗಿದ್ದೇ ಅಲ್ಲಿ.

1999ರ ಮೇ ತಿಂಗಳು. ಬಿ.ಎಸ್ಸಿ. ಪರೀಕ್ಷೆ ಮುಗಿಸಿ, ರಜೆ ಕಳೆಯಲೆಂದು ನಂಜನಗೂಡಿನಿಂದ ಚೆನ್ನೈನ ಪುರಸೈವಾಕ್ಕಂಗೆ, ಅಪ್ಪನ ತಂಗಿ ಸುಗುಣತ್ತೆಯ ಮನೆಗೆ ಬಂದಿದ್ದೆ. ಅಷ್ಟು ದೊಡ್ಡ ಊರನ್ನು ನೋಡಿದ್ದೇ ಮೊದಲು. ಬೋರ್ಡು ಓದಲು ಬಾರದು, ಆಟೋದವನು ಬೈದರೂ ತಿಳಿಯದು. ಸ್ನಾನ ಮಾಡಿ ಹೊರಗೆ ಬಂದರೆ ಮತ್ತೆ ಬೆವರಿನ ಸ್ನಾನ.

ಅತ್ತೆ ಕೆಳಗೆ ಬಾಡಿಗೆಗಿದ್ದಳು; ಮಹಡಿಯ ಮೇಲೆ ಮನೆಯ ಯಜಮಾನಿ ಜಯಲಕ್ಷ್ಮೀ ಮಾಮಿ ಮತ್ತು ಇಬ್ಬರು ಗಂಡುಮಕ್ಕಳು. ನಮ್ಮ ಹಾಗೇ ಮಾಧ್ವರು, ಆದರೆ ತಲೆಮಾರುಗಳಿಂದ ಮದರಾಸಿನವರು. ಆಡುವುದು ಕನ್ನಡವೇ, ಅದರಲ್ಲಿ ಅರ್ಧ ತಮಿಳು. ದೊಡ್ಡವರು ಮುರಳೀಧರ. ಮಣಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬಿಸಿ ಆವಿ ಹೊಡೆದು ಅವರ ಎಡಗೆನ್ನೆ, ಕುತ್ತಿಗೆ ಸುಟ್ಟು ಚರ್ಮ ಮುದುರಿಹೋಗಿತ್ತು. ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ಮುಖ ಮಾಡಿ ದಾರಿ ಬಿಡುತ್ತಿದ್ದರು. ಚಿಕ್ಕವನು ಸುಘೋಷ, ಬಂದರಿನ ಹತ್ತಿರ ಶಿಪ್ಪಿಂಗ್ ಆಫೀಸಿನಲ್ಲಿದ್ದ. ನನಗೆ ಊರು ತೋರಿಸುವ ಕೆಲಸವನ್ನು ಅವನ ತಲೆಗೆ ಕಟ್ಟಿದರು.

ಅವನ ಕನ್ನಡ ಕೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. “ಕೆಳಂಬೋಣ್ವಾ?” ಅನ್ನುವನು, ಹೊರಡೋಣವೇ ಎಂದರ್ಥ. ನಾನು ಅದನ್ನೇ ಅಣಕಿಸಿ ಅವನ ಹಿಂದೆ ಹೊರಡುತ್ತಿದ್ದೆ. ಸಿಟ್ಟು ಬಂದವನ ಹಾಗೆ ಹುಬ್ಬು ಗಂಟಿಕ್ಕಿ ನೋಡುವನು, ಆದರೆ ಕಣ್ಣು ಮಾತ್ರ ನಗುತ್ತಿರುತ್ತಿತ್ತು.

ಒಂದು ಬೆಳಗಿನ ಜಾವ ಮನೆಯಲ್ಲಿ ಬೀಚಿಗೆ ಎಂದು ಹೇಳಿ ಕಾಸಿಮೇಡಿಗೆ ಹೋದೆವು. ಮೀನಿನ ಹರಾಜು ನೋಡಬೇಕೆಂದು ಹಟ ಹಿಡಿದವಳು ನಾನೇ, ಹೋದ ಮೇಲೆ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡವಳೂ ನಾನೇ. ಬುಟ್ಟಿ ಹೊತ್ತ ಹೆಂಗಸೊಬ್ಬಳು ನುಗ್ಗಿ ಬಂದಾಗ ಅವನು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದ. ಆಕೆ ದಾಟಿ ಹೋದಳು. ಅವನು ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಮನೆಗೆ ಬರುವ ಮುಂಚೆ ಬೀದಿ ನಲ್ಲಿಯಲ್ಲಿ ಚಪ್ಪಲಿ ತೊಳೆಸಿದ. ಅಮ್ಮನ ಮೂಗು ಸಾಮಾನ್ಯದ್ದಲ್ಲ ಎಂದ.

ಆ ಶುಕ್ರವಾರ ಮಾಮಿ ನನ್ನನ್ನು ಮೇಲಕ್ಕೆ ಕರೆದರು. ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ತಲೆ ತುಂಬ ಮಲ್ಲಿಗೆ ಮುಡಿಸಿ, ತಟ್ಟೆಯಲ್ಲಿ ರೇಷ್ಮೆ ಸೀರೆ ಇಟ್ಟು ಕೈಗೆ ಕೊಟ್ಟರು. ನಂಜನಗೂಡಿನಲ್ಲಿ ಶುಕ್ರವಾರ ಮನೆಗೆ ಬಂದ ಹೆಣ್ಣುಮಗಳನ್ನು ಹೂವಿಲ್ಲದೆ ಯಾರಾದರೂ ಕಳಿಸುತ್ತಾರೆಯೇ? ಬೇಡ ಅನ್ನುವುದುಂಟೇ? ರೇಷ್ಮೆ ಸೀರೆ ಹೆಚ್ಚಾಯಿತು ಅನ್ನಿಸಿತು, ನಿಜ. ಆದರೆ ಬಾಗಿಲಲ್ಲಿ ಸುಘೋಷ ನಿಂತಿದ್ದ. ನಮ್ಮಿಬ್ಬರ ವಿಷಯ ಮಾಮಿಗೆ ತಿಳಿದು ಖುಷಿಯಾಗಿರಬೇಕು ಎಂದಿತು ನನ್ನ ಹುಚ್ಚು ಮನಸ್ಸು. ಅವನನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ತಲೆ ಬಗ್ಗಿಸಿದೆ, ಮಾಮಿಯ ಕಾಲಿಗೂ ಬಿದ್ದೆ. ಅವನು ನಗಲಿಲ್ಲ.

ಮಾರನೆಯ ಸಂಜೆ ಅವನು ತಾರಸಿಯಲ್ಲಿ ಒಣಗಿದ ಸಂಡಿಗೆ ಎತ್ತುತ್ತಿದ್ದ. ಯಾಕೆ ಮುಖ ಊದಿಸಿಕೊಂಡಿದ್ದೀರಿ ಎಂದು ಕೆಣಕಿದೆ.

“ಇನ್ಮೇಲೆ ನಿಮ್ಮನ್ನ ಅತ್ತಿಗೆ ಅಂತ ಕರೀಬೇಕಲ್ಲ, ಅದಕ್ಕೆ ಪ್ರಾಕ್ಟೀಸ್ ಪಣ್ತಿದೀನಿ,” ಎಂದ.

ನನಗೆ ಏನೂ ತಿಳಿದಿರಲಿಲ್ಲ ಎಂಬುದು ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ತಲೆಯೆತ್ತದೆ ಹೇಳಿದ. ಗಂಡಿನ ತಾಯಿ ಹುಡುಗಿಗೆ ಹೂ ಮುಡಿಸಿ ಸೀರೆ ಕೊಟ್ಟರೆ ಇಲ್ಲಿ ಸಂಬಂಧ ಗಟ್ಟಿಯಾದ ಹಾಗೆ. ತಮಿಳರ ಮನೆಗಳ ಪದ್ಧತಿ, ಎಂದೋ ಇವರ ಮನೆಗೂ ಬಂದಿತ್ತು. ಮಾಮಿ ನನ್ನನ್ನು ಕೇಳಿದ್ದು ಮುರಳೀಧರರಿಗಾಗಿ.

ಕೆಳಗಿಳಿದು ಅತ್ತೆಯ ಮೇಲೆ ಹರಿಹಾಯ್ದೆ. ಅಪ್ಪ ನನಗೆ ಹೇಳಿಯೇ ಕಳಿಸಿರುತ್ತಾರೆ ಎಂದು ಅತ್ತೆ ಅಂದುಕೊಂಡಿದ್ದಳು. ನಾನು ಹುಡುಗನನ್ನು ನೋಡಿದ ಮೇಲೆ ಅತ್ತೆಯೇ ನನ್ನನ್ನು ಕೇಳಲಿ ಎಂದು ಅಪ್ಪ ಸುಮ್ಮನಿದ್ದರು. ನಡುವೆ ನಾನು ಪೆದ್ದಿಯ ಹಾಗೆ ತಲೆ ಬಗ್ಗಿಸಿ ಕೂತಿದ್ದೆ. ಮುರಳಿಯನ್ನು ನೋಡಲು ಬಂದ ಹುಡುಗಿಯರೆಲ್ಲ ಮುಖ ನೋಡಿ ಹಿಂದಕ್ಕೆ ಹೋಗಿದ್ದಾರೆ ಎಂದು ಅತ್ತೆ ಅತ್ತಳು. “ಆ ಮನೇಲಿ ಪಾಯಸ ಮಾಡಿ ಎಷ್ಟು ಕಾಲ ಆಗಿತ್ತು ಗೊತ್ತೇನೇ?” ಎಂದಳು.

ನಾನೇ ಹೇಳಬೇಕೆಂದು ಸೀರೆಯ ತಟ್ಟೆ ಹಿಡಿದು ಮೇಲೆ ಹೋದೆ. ಮುರಳೀಧರ ಕಿಟಕಿಯ ಪಕ್ಕ, ಬೆಳಕಿಗೆ ಎದುರಾಗಿ ಕೂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ನಾನು ಒಪ್ಪಿದ್ದೇನೆಂದು ನಂಬಿದ್ದರು. ಹೂವಿನ ಅರ್ಥ ತಿಳಿಯದೆ ಮುಡಿದುಕೊಂಡೆ, ತಪ್ಪಾಗಿ ಹೋಯಿತು ಎಂದೆ.

“ಮುಖ ನೋಡಿ ಬೇಡ ಅಂತೀರಾ? ನಿಜ ಹೇಳಿ, ಪರವಾಗಿಲ್ಲ.”

“ಅದಕ್ಕಲ್ಲ. ನಾನು ಸುಘೋಷನ್ನ ಇಷ್ಟಪಟ್ಟಿದ್ದೀನಿ.”

ಅಡುಗೆಮನೆಯಲ್ಲಿ ಮಾಮಿಯ ಸದ್ದು ನಿಂತಿತು. ಮುರಳೀಧರ ತಮ್ಮನನ್ನು ಕರೆದು ನನ್ನೆದುರಿಗೇ ಕೇಳಿದರು. ಅವನಿಗೂ ಮನಸ್ಸಿದ್ದರೆ ತಾವೇ ನಿಂತು ಮದುವೆ ಮಾಡಿಸುತ್ತೇನೆ ಎಂದರು. ಆ ಮಾತು ಪ್ರಾಮಾಣಿಕವಾಗಿತ್ತು. ಸುಘೋಷ ಅಣ್ಣನ ಮುಖವನ್ನು ನೋಡಿದ.

“ನಂಗೆ ಅಂಥದ್ದೇನೂ ಇಲ್ಲಣ್ಣ,” ಎಂದ.

ನನಗೆ ನಾಚಿಕೆಯಾಯಿತು, ಮೈ ಉರಿಯಿತು, ಎದೆ ಒಡೆದುಹೋಯಿತು. ಸೀರೆಯ ತಟ್ಟೆಯನ್ನು ಮಾಮಿಯ ಮುಂದಿಟ್ಟು ಕೈ ಮುಗಿದು ಇಳಿದುಬಂದೆ.

ಊರಿಗೆ ಹೊರಟ ದಿನ ಸೆಂಟ್ರಲ್‌ಗೆ ಬಿಡಲು ಬಂದವರು ಅತ್ತೆಯ ಗಂಡ ಶಿವರಾಮು ಮಾವ. ಅವರು ನೀರು ತರಲು ಹೋದಾಗ ಸುಘೋಷ ಪ್ಲಾಟ್‌ಫಾರ್ಮಿನ ಮೇಲೆ ಎದುರಿಗೆ ಬಂದು ನಿಂತ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಕೆನ್ನೆಗೆ ಬಾರಿಸೋಣ ಅನ್ನಿಸಿತು. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ.

“ನೀನು ನನ್ನ ಹೆಂಡತಿಯಾಗಿ ಬಂದ್ರೆ ಅಣ್ಣ ದಿನಾ ನಿನ್ನ ಕೈಲಿ ಬಡಿಸ್ಕೊಂಡು ಊಟ ಮಾಡ್ಬೇಕು. ಅವನು ಮಾಡ್ತಾನೆ. ನಂಗೆ ಅದು ನೋಡಕ್ಕಾಗಲ್ಲ.”

ನನ್ನನ್ನು ನೀನು ಎಂದದ್ದು ಅದೇ ಮೊದಲು. ಬೇರೆ ಮನೆ ಮಾಡೋಣ ಎಂದೆ, ಮಾನ ಮರ್ಯಾದೆ ಬಿಟ್ಟು ಬೇಡಿಕೊಂಡೆ. ಅಣ್ಣನನ್ನು ಆ ಮನೆಯಲ್ಲಿ ಬಿಟ್ಟು ಬಂದರೆ ತಾನು ಎಲ್ಲಿಯೂ ನೆಮ್ಮದಿಯಾಗಿ ಇರಲಾರೆ ಎಂದ.

“ಇಷ್ಟ ಇತ್ತು ತಾನೇ?”

“ರೊಂಬ.”

“ನಾನು ಬಾಯಿ ಮುಚ್ಕೊಂಡು ನಿಮ್ಮ ಅತ್ತಿಗೆಯಾಗಿ ಬಂದಿದ್ರೆ?”

“ದಿನಾ ನೋಡ್ತಿದ್ದೆ. ಅಷ್ಟು ಸಾಕು ಅಂದ್ಕೊಂಡಿದ್ದೆ.”

“ನಂಗೆ ಸಾಲ್ತಿರಲಿಲ್ಲ.”

“ಗೊತ್ತು. ಅದಕ್ಕೇ ಹೋಗು,” ಎಂದ.

ಹತ್ತಿ ಕೂತೆ.